ರಾಮಾಚಾರಿ ಹತ್ತದ ದುರ್ಗ: ಒಂದು ಸಂಶೋಧನಾ ಪ್ರಬಂಧ

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಗುರುಶಿಷ್ಯರ ಕಥೆ ಎಂದು ಕೆಲವು ವಿದ್ವಾಂಸರು, ಜಾತಿಮತಕ್ಕೆ ಬಲಿಯಾದ ಪ್ರೇಮ ಎಂದು ಉಳಿದವರು. ಎರಡು ಪಂಗಡವೂ ದಾರಿ ತಪ್ಪಿದೆ. ಹಾಡು ಬಂದಾಗಲೂ ಕಣ್ಣೊರೆಸಿಕೊಳ್ಳದೆ, ಹಿಂದಿನ ಬಂಡೆಗಳನ್ನಷ್ಟೇ ದಿಟ್ಟಿಸಿ ಚಿತ್ರವನ್ನು ಮತ್ತೆ ನೋಡಿದ ಪ್ರಸ್ತುತ ಸಂಶೋಧಕನ ಸಿದ್ಧಾಂತವಿಷ್ಟು: ಅದು ತಪ್ಪು ದುರ್ಗ ಹತ್ತಿದ ಹುಡುಗನ ಕಥೆ.

ಶಾಸನಾಧಾರ ಬೇಕೆ? ನಾಯಕ ರಾಮಾಚಾರಿಯಾದ ಸಂಪತ್ ಕುಮಾರ್ ಎಂಬ ತರುಣನಿಗೆ ಪುಟ್ಟಣ್ಣ ವಿಷ್ಣುವರ್ಧನ್ ಎಂದು ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನನ ಬಿರುದು ‘ನೊಳಂಬವಾಡಿಗೊಂಡ’. ನೊಳಂಬವಾಡಿಯ ಪಾಂಡ್ಯರ ರಾಜಧಾನಿ ನಮ್ಮ ಉಚ್ಚಂಗಿದುರ್ಗ. ಮೊಮ್ಮಗ ಇಮ್ಮಡಿ ಬಲ್ಲಾಳನಂತೂ ಇದೇ ಬೆಟ್ಟ ಹಿಡಿದು ‘ಗಿರಿದುರ್ಗಮಲ್ಲ’ ಎನಿಸಿಕೊಂಡ. ಹಕ್ಕು ಇಷ್ಟು ಸ್ಪಷ್ಟವಿದ್ದರೂ ಕ್ಯಾಮೆರಾ ಚಿತ್ರದುರ್ಗಕ್ಕೆ ಹೋಯಿತು. ಚಿತ್ರದ ಮೂಲ ಕಾದಂಬರಿ ನಡೆಯುವುದೇ ಅಲ್ಲಿ ಎಂಬ ವಾದ ನಿಲ್ಲುವುದಿಲ್ಲ. ತರಾಸು ಅವರ ಮೂರು ಕಾದಂಬರಿ ಕಲಸಿ ಒಂದು ಸಿನಿಮಾ ಮಾಡಿದವರಿಗೆ ಕೋಟೆ ಬದಲಿಸುವುದು ಯಾವ ಮಹಾ? ಹೇಗೂ ತರಾಸು ಮುನಿಸಿಕೊಂಡರು. ಅದೇ ಮುನಿಸಿನಲ್ಲಿ ಇದೂ ಸಂದುಹೋಗುತ್ತಿತ್ತು.

(ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಬೇರೆಲ್ಲೋ ಕೊಟ್ಟರೆಂದು ಮರುಗುವವರು ಉಚ್ಚಂಗಿ ಇರುವ ನಮ್ಮ ಹರಪನಹಳ್ಳಿ ತಾಲ್ಲೂಕಿಗೂ ಒಂದು ಹನಿ ಉಳಿಸಿಕೊಳ್ಳಲಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಕೊಟ್ಟರು, 2018ರಲ್ಲಿ ತವರಿಗೆ ಕರೆತಂದರು, 2021ರಲ್ಲಿ ವಿಜಯನಗರಕ್ಕೆ ಧಾರೆ ಎರೆದರು. ಯಾರೂ ಹಾಡು ಬರೆಯಲಿಲ್ಲ.)

ಈಗ ಪ್ರಯೋಗ. ರಾಮಾಚಾರಿ, ಅಲಮೇಲು ಭರತ ಹುಣ್ಣಿಮೆಯ ಜಾತ್ರೆಗೆ ಉಚ್ಚಂಗಿ ಹತ್ತಿದರೆನ್ನಿ. ಮೆಟ್ಟಿಲ ತುಂಬ ಜನ, ‘ಉಧೋ ಉಧೋ’. ತೂರಿದ ಭಂಡಾರಕ್ಕೆ ಹಣೆ, ಹುಬ್ಬು, ಅಂಗಿಯ ಕಾಲರು ಎಲ್ಲ ಅರಿಶಿನ. ಯಾರ ಮಗ, ಯಾವ ಜಾತಿ ಎಂದು ಕೇಳುವುದಿರಲಿ, ಚಾಮಯ್ಯ ಮೇಷ್ಟ್ರಿಗೇ ಶಿಷ್ಯನ ಗುರುತು ಹತ್ತದು. ಗುರುತೇ ಸಿಗದವನಿಗೆ ಪ್ರೇಮ ಬಿಡೆಂದು ಬುದ್ಧಿ ಹೇಳುವುದು ಹೇಗೆ? ಚಿತ್ರದುರ್ಗದ ತೊಂದರೆಯೇ ಏಕಾಂತ. ಏಕಾಂತವಿದ್ದಲ್ಲಿ ದುರಂತಕ್ಕೆ ಜಾಗ.

ಕೊನೆಯ ದೃಶ್ಯವಂತೂ ಉಚ್ಚಂಗಿಯಲ್ಲಿ ಚಿತ್ರೀಕರಿಸಲು ಸಾಧ್ಯವೇ ಇಲ್ಲ. ಕ್ರೈಸ್ತ ಪ್ರೇಯಸಿ ಮಾರ್ಗರೆಟ್‌ಳ ಕೈ ಹಿಡಿದು ರಾಮಾಚಾರಿ ಚಿತ್ರದಲ್ಲಿದ್ದಂತೆ ಸಾಯಲೆಂದು ಬಂಡೆಯಂಚಿಗೆ ನಡೆದರೆ ಕಾಯಿ ಮಾರುವ ಅಜ್ಜಿ ಅಡ್ಡ ಬರುತ್ತಾಳೆ: “ಅತ್ತಾಗೆಲ್ಲಿ ಹೊಂಟ್ಯೋ ತಮ್ಮಾ? ಗುಡಿ ಈ ಕಡಿಗೈತಿ. ಕಾಯಿ ತಗಾ, ಚಿಲ್ರಿ ಕೊಡು. ಯವ್ವಾ, ನೀನೂ ಉಡಿ ತುಂಬಿಸ್ಕ್ಯಾ.” ಹುಡುಗಿ ಯಾವ ಮತದವಳೆಂದು ವಿಚಾರಿಸಲು ಅಜ್ಜಿಗೆ ಪುರಸೊತ್ತಿಲ್ಲ, ಹಿಂದೆ ಸಾಲು ದೊಡ್ಡದಿದೆ.