ಶ್ರೀಮಾನ್ ಪಗಡಿಯವರ ಸನ್ನಿಧಿಗೆ

ಮಹಾಸ್ವಾಮಿ,

ಮುಂಬಯಿಯ ದಾದರಿನ ಮೂರನೇ ಮಾಳಿಗೆಯ ಬಾಡಿಗೆದಾರನ ಸಾಷ್ಟಾಂಗ ನಮಸ್ಕಾರಗಳು. ಪಾದಕ್ಕೆರಗೋಣವೆಂದರೆ ತಮಗೆ ಪಾದವಿಲ್ಲ. ವಾಸವೆಲ್ಲ ಪರರ ತಲೆಯ ಮೇಲೆ.

ತಮ್ಮ ಹುಟ್ಟೇ ಎಷ್ಟು ಮರ್ಯಾದೆಯದು! ನಾವು ರುಮಾಲು, ಮುಂಡಾಸು ಎನ್ನುವುದೇ ಮರಾಠಿಯವರ ಪಗಡಿ. ಮನೆ ಕೊಟ್ಟ ಮಾಲಕರಿಗೆ ಕೊಡುವ ಇಡಿಗಂಟಿಗೂ ಅದೇ ಹೆಸರು. ಕೊಲ್ಕತ್ತದಲ್ಲಿ ತಮ್ಮ ದಾಯಾದಿಯೊಬ್ಬರಿದ್ದಾರೆ, ಸಲಾಮಿ. ಒಬ್ಬರು ತಲೆಯ ಹೆಸರು ಹೇಳುತ್ತೀರಿ, ಒಬ್ಬರು ಕೈಮುಗಿತದ್ದು. ಕಿಸೆಯ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಕನ್ನಡದಲ್ಲಿ ಹೀಗೆ ದುಡ್ಡು ಹೋದರೆ ‘ಟೋಪಿ ಹಾಕಿದರು’ ಎನ್ನುತ್ತೇವೆ. ನಮ್ಮದು ಸ್ವಲ್ಪ ಒರಟು ಭಾಷೆ, ಕ್ಷಮಿಸಬೇಕು.

ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ಕೂಡಿಟ್ಟದ್ದನ್ನೆಲ್ಲ ತಮಗೆ ಅರ್ಪಿಸಿದರು. ರಸೀದಿ ಕೇಳುವ ಅಪಚಾರ ಮಾಡಲಿಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆ ತಮ್ಮನ್ನು ಅಪರಾಧವೆಂದಿತ್ತು. ಆದರೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ದರಕ್ಕೆ ಕಟ್ಟಿಹಾಕಿ ತಮ್ಮನ್ನು ಕೊಬ್ಬಿಸಿದ್ದೂ ಅದೇ ಕಾಯಿದೆ. ಮಾಲಕರ ಸಂಕಟವೂ ಸುಳ್ಳಲ್ಲ ಅನ್ನಿ. ಮಲ್ಪೆ ವಿಶ್ವನಾಥ ಆಚಾರ್ಯ ಎಂಬ, ಕೇಳಿದರೆ ನಮ್ಮ ಕಡಲ ಗಾಳಿ ಬೀಸುವ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ಆ ಕಟ್ಟು ಅಸಮಂಜಸವೆಂದಿತು. ಆಮೇಲೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 56ನೇ ಕಲಮು ತಮ್ಮನ್ನು ಸಕ್ರಮವೂ ಮಾಡಿತು. ಅಲ್ಲಿ ತಾವು ‘ಪ್ರೀಮಿಯಂ’, ‘ಪ್ರತಿಫಲ’ ಎಂಬ ವೇಷದಲ್ಲಿದ್ದೀರಿ. ರುಮಾಲು ತೆಗೆದಿಟ್ಟು ಹ್ಯಾಟು ಹಾಕಿಕೊಂಡ ಹಾಗೆ.

ಈಗ ಖೋಲಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡೋಣವೆಂದರೆ, ಅವರಿಂದ ಬಂದ ಪಗಡಿಯಲ್ಲಿ ಮೂರರಲ್ಲೊಂದು ಪಾಲು ಮಾಲಕರಿಗಂತೆ. ಧನ್ಯನಾದೆ. ಅಪ್ಪ ಸುತ್ತಿದ ಪಗಡಿಗೆ ಮಗ ಜರಿಯಂಚು ಹೊಲಿಸಬೇಡವೇ?

ಇನ್ನೊಂದು ಸಣ್ಣ ಅರಿಕೆ. ದಾದರ್ ಎಂದರೆ ಮರಾಠಿಯಲ್ಲಿ ಮೆಟ್ಟಿಲು. ನಮ್ಮ ಕಟ್ಟಡದ್ದು ಮರದ್ದು. ಎರಡನೇ ಮಾಳಿಗೆಯ ತಿರುವಿನಲ್ಲಿ ಒಂದು ಹಲಗೆ ಮುರಿದು ಎರಡು ಮಳೆಗಾಲ ಕಳೆಯಿತು. ಹಳೇ ಬೋರ್ಡಿನ ತಗಡು ಹೊಡೆದುಕೊಂಡಿದ್ದೇವೆ, ಕಾಲಿಟ್ಟರೆ ಡಬ್ಬ ಬಡಿದಂತೆ ಸದ್ದು. ರಿಪೇರಿಯ ಮಾತೆತ್ತಿದರೆ ಮಾಲಕರು, “ನಲವತ್ತೆರಡು ರೂಪಾಯಿ ಬಾಡಿಗೆಗೆ ಮೆಟ್ಟಿಲೂ ಬೇಕೇನ್ರೀ?” ಎಂದರು. ಅವರ ತಲೆಯ ಮೇಲೆ ತಾವು ಕೂತಿರುವುದು ಆ ಗಳಿಗೆಯಲ್ಲಿ ಅವರಿಗೆ ನೆನಪಿರಲಿಲ್ಲ.

ಒಮ್ಮೆ ಅಲ್ಲಿಂದ ಇಳಿದು ನಮ್ಮ ಬಡಖೋಲಿಗೂ ದಯಮಾಡಿಸಬೇಕು. ಆ ತಿರುವಿನಲ್ಲಿ ಮಾತ್ರ ಗೋಡೆ ಹಿಡಿದು ಹತ್ತಿ.

ಇಂತಿ ತಮ್ಮ ಭಾರ ಹೊತ್ತ,
ಬಾಡಿಗೆದಾರ