ಮೆಗ್ ಮರ್ರಿಯ ಹಟ

ಬೇಸಿಗೆ ರಜೆ ಬಂತೆಂದರೆ ಕಾಂಪೌಂಡಿನ ಆ ಕಡೆಯಿಂದಲೂ ಈ ಕಡೆಯಿಂದಲೂ ಒಂದೇ ಪ್ರಶ್ನೆ: ಹನ್ನೆರಡು ದಾಟಿದ ಮಕ್ಕಳಿಗೆ ಓದೋಕೆ ಏನು ಕೊಡೋಣ? ಕಾಗಕ್ಕ ಗುಬ್ಬಕ್ಕನ ಕತೆ ಸಾಲದು, ದೊಡ್ಡವರ ಕಾದಂಬರಿ ಇನ್ನೂ ಹಿಡಿಸದು, ಅಂಥ ವಯಸ್ಸು ಅದು. ನನ್ನನ್ನು ಕೇಳಿದರೆ ಮ್ಯಾಡೆಲೀನ್ ಲೆಂಗಲ್ ಬರೆದ ‘ಎ ರಿಂಕಲ್ ಇನ್ ಟೈಮ್’ ಕೊಡಿ. 1962ರಲ್ಲಿ ಅಮೆರಿಕದಲ್ಲಿ ಅಚ್ಚಾದ ಪುಸ್ತಕ. ಲೋಕದಿಂದ ಲೋಕಕ್ಕೆ ಜಿಗಿಯುವ ಸಾಹಸದ ಕತೆ. ಯಾಕೆ ಇದೇ ಪುಸ್ತಕ ಅಂತೀರಾ? ಹೇಳ್ತೀನಿ, ಕೇಳಿ.

ಮೆಗ್ ಮರ್ರಿ ಅಂತ ಒಬ್ಬ ಹುಡುಗಿ. ಕಣ್ಣಿಗೆ ಕನ್ನಡಕ, ಹಲ್ಲಿಗೆ ತಂತಿ, ಮೂಗಿನ ತುದಿಯಲ್ಲೇ ಸಿಟ್ಟು. ಗಣಿತದಲ್ಲಿ ಬಲು ಚುರುಕು. ಆದರೆ ಉತ್ತರ ಹಿಡಿಯುವುದು ಅಪ್ಪ ಕಲಿಸಿದ ಒಳದಾರಿಯಲ್ಲಿ, ಟೀಚರು ಹೇಳಿದ ಕ್ರಮದಲ್ಲಲ್ಲ. ಹಾಗಾಗಿ ಶಾಲೆಯಲ್ಲಿ ಅವಳಿಗೆ ದಡ್ಡಿ ಎನ್ನುವ ಪಟ್ಟ. ಐದು ವರ್ಷದ ತಮ್ಮ ಚಾರ್ಲ್ಸ್ ವಾಲೇಸ್ ಹೊರಗಿನವರೆದುರು ತುಟಿ ಬಿಚ್ಚುವುದಿಲ್ಲ. ಊರವರ ಲೆಕ್ಕದಲ್ಲಿ ಅವನು ಪೆದ್ದ, ಅವನ ಬುದ್ಧಿಯ ಆಳ ಗೊತ್ತಿರುವುದು ಮನೆಯವರಿಗೆ ಮಾತ್ರ. ಅಪ್ಪ ಭೌತವಿಜ್ಞಾನಿ. ಸರ್ಕಾರದ ಗುಟ್ಟಿನ ಕೆಲಸಕ್ಕೆ ಹೋದವನ ಸುಳಿವೇ ಇಲ್ಲ. ಬೇರೆ ಹೆಂಗಸಿನ ಹಿಂದೆ ಹೋದ ಎಂದು ಊರಿನ ಗುಸುಗುಸು. ಅಮ್ಮನೂ ವಿಜ್ಞಾನಿಯೇ; ಮನೆಯ ಪ್ರಯೋಗಾಲಯದಲ್ಲಿ ಬುನ್ಸೆನ್ ಬರ್ನರಿನ ಮೇಲೆ ರಾತ್ರಿಯ ಊಟ ಬೇಯಲು ಇಟ್ಟು ತನ್ನ ಪ್ರಯೋಗ ಮುಂದುವರಿಸುವವಳು. ಆ ಕಾಲದ ಮಕ್ಕಳ ಪುಸ್ತಕಗಳಲ್ಲಿ ಇಂಥ ಅಮ್ಮ ಅಪರೂಪ. ವಿಜ್ಞಾನದ ಕತೆಗೆ ಹುಡುಗಿಯೇ ನಾಯಕಿಯಾಗುವುದು ಇನ್ನೂ ಅಪರೂಪ.

ಒಂದು ಬಿರುಗಾಳಿಯ ರಾತ್ರಿ ಮಿಸೆಸ್ ವಾಟ್ಸಿಟ್ ಎಂಬ ಮುದುಕಿ ಮನೆಯೊಳಗೆ ಬರುತ್ತಾಳೆ. ಅವಳ ಜೊತೆಗಾತಿಯರು ಮಿಸೆಸ್ ಹೂ, ಮಿಸೆಸ್ ವಿಚ್. ಅಪ್ಪನನ್ನು ಹುಡುಕಲು ಮೆಗ್, ಚಾರ್ಲ್ಸ್ ವಾಲೇಸ್ ಮತ್ತು ನೆರೆಯ ಹುಡುಗ ಕ್ಯಾಲ್ವಿನ್ ಮೂವರನ್ನೂ ಅವರು ಬೇರೆ ಗ್ರಹಗಳಿಗೆ ಕರೆದೊಯ್ಯುತ್ತಾರೆ. ಆ ಪ್ರಯಾಣಕ್ಕೆ ರಾಕೆಟ್ ಇಲ್ಲ, ಇಂಧನ ಇಲ್ಲ. ಮಿಸೆಸ್ ಹೂ ತನ್ನ ಬಟ್ಟೆಯ ಅಂಚನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಾಳೆ. ಒಂದು ಪುಟ್ಟ ಹುಳ ಬಲಗೈಯಿಂದ ಎಡಗೈಗೆ ಹೋಗಬೇಕಾದರೆ ಎಷ್ಟು ದೂರ ನಡೆಯಬೇಕು! ಅವಳು ಎರಡೂ ಕೈ ಕೂಡಿಸುತ್ತಾಳೆ, ಬಟ್ಟೆ ಮಡಚಿಕೊಳ್ಳುತ್ತದೆ, ಹುಳ ಒಂದೇ ಹೆಜ್ಜೆಗೆ ಆಚೆ. ಪುಸ್ತಕದ ವಿಜ್ಞಾನ ಇಷ್ಟೇ. ಇದಕ್ಕೆ ಲೆಂಗಲ್ ಇಟ್ಟ ಹೆಸರು ಟೆಸರ್ಯಾಕ್ಟ್. ಗಣಿತದಲ್ಲಿ ಆ ಮಾತು ನಾಲ್ಕು ಆಯಾಮದ ಘನಕ್ಕೆ ಸಲ್ಲುತ್ತದೆ, ಲೆಂಗಲ್ ಅದನ್ನು ಐದನೆಯ ಆಯಾಮಕ್ಕೆ ಎಳೆದುಕೊಂಡಿದ್ದಾರೆ.

ಮಡಚುವ ಈ ಯೋಚನೆ ಬರೀ ಕಟ್ಟುಕತೆಯಲ್ಲ ನೋಡಿ. ಆಕಾಶದ ಎರಡು ಭಾಗಗಳನ್ನು ಸೇರಿಸುವ ಸೇತುವೆಯೊಂದಕ್ಕೆ ಸಾಪೇಕ್ಷತೆಯ ಸಮೀಕರಣಗಳಲ್ಲಿ ಜಾಗವಿದೆ ಎಂದು ಐನ್‌ಸ್ಟೀನ್ ಮತ್ತು ರೋಸೆನ್ 1935ರಲ್ಲೇ ತೋರಿಸಿದ್ದರು. ಈ ಕಾದಂಬರಿ ಬಂದ 1962ರಲ್ಲೇ ಫುಲ್ಲರ್ ಮತ್ತು ವೀಲರ್ ಎಂಬ ಇಬ್ಬರು ಭೌತವಿಜ್ಞಾನಿಗಳು ಲೆಕ್ಕ ಹಾಕಿ, ಅಂಥ ಸೇತುವೆ ಬೆಳಕು ಕೂಡ ದಾಟಲಾರದಷ್ಟು ಬೇಗ ಮುರಿದುಬೀಳುತ್ತದೆ ಎಂದರು. ಮುಂದೆ ಕಾರ್ಲ್ ಸೇಗನ್ ತಮ್ಮ ‘ಕಾಂಟ್ಯಾಕ್ಟ್’ ಕಾದಂಬರಿಗಾಗಿ ಒಂದು ದಾರಿ ಕೇಳಿದಾಗ, ಕಿಪ್ ಥಾರ್ನ್ ಆ ಸೇತುವೆಯನ್ನು ತೆರೆದಿಡುವ ಬಗೆಯನ್ನು ಯೋಚಿಸತೊಡಗಿದರು. 1988ರಲ್ಲಿ ಮೋರಿಸ್ ಅವರೊಂದಿಗೆ ಅದನ್ನೇ ಸಂಶೋಧನಾ ಪ್ರಬಂಧವಾಗಿಸಿದರು. ಒಂದು ಕತೆ ಕೇಳಿದ ಪ್ರಶ್ನೆಗೆ ಭೌತವಿಜ್ಞಾನ ಕೂತು ಉತ್ತರ ಬರೆಯಿತು! ಮಕ್ಕಳಿಗೆ ಇದನ್ನು ಹೇಳಿ ನೋಡಿ, ಹೇಗೆ ಕಣ್ಣರಳಿಸುತ್ತಾರೆ.

ಲೋಕಸಂಚಾರ ನಮ್ಮವರಿಗೇನೂ ಹೊಸದಲ್ಲ ಬಿಡಿ. ಭಾಗವತದ ರೇವತಿಯ ಕತೆ ನಿಮಗೂ ಗೊತ್ತಲ್ಲ, ಅಪ್ಪನ ಜೊತೆ ಬ್ರಹ್ಮಲೋಕಕ್ಕೆ ಹೋಗಿ, ಒಂದು ಸಂಗೀತ ಮುಗಿಯುವಷ್ಟು ಹೊತ್ತು ಕಾದು ಬರುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದಿತ್ತು. ಲೆಂಗಲ್ ಇದಕ್ಕೆ ತದ್ವಿರುದ್ಧ. ಹೊರಟ ಹೊತ್ತಿಗಿಂತ ಸುಮಾರು ಐದು ನಿಮಿಷ ಮೊದಲೇ ಮನೆ ತಲುಪಿಸುತ್ತೇವೆ ಎಂದು ಮುದುಕಿಯರು ಮಕ್ಕಳಿಗೆ ಮಾತು ಕೊಡುತ್ತಾರೆ. ದೂರಕ್ಕೂ ಕಾಲಕ್ಕೂ ಅಲ್ಲಿ ಬೆಲೆ ತೆರಬೇಕಿಲ್ಲ. ಬೆಲೆ ತೆರಬೇಕಾದದ್ದು ಅಪ್ಪನನ್ನು ಹುಡುಕುತ್ತ ಅವರು ತಲುಪುವ ಕ್ಯಾಮಜಾಟ್ಸ್ ಗ್ರಹದಲ್ಲಿ.

ಮೈ ಜುಮ್ಮೆನ್ನಿಸುವ ಊರು ಅದು. ಬೀದಿಯ ಮನೆಗಳೆಲ್ಲ ಒಂದೇ ನಮೂನೆ. ಪ್ರತಿ ಮನೆಯ ಮುಂದೆ ಒಂದೊಂದು ಮಗು ಆಡುತ್ತಿದೆ, ಎಲ್ಲ ಚೆಂಡೂ ಒಂದೇ ಗಳಿಗೆಗೆ ನೆಲಕ್ಕೆ ಬೀಳುತ್ತವೆ, ಒಂದೇ ಗಳಿಗೆಗೆ ಮೇಲೇಳುತ್ತವೆ. ಒಬ್ಬ ಹುಡುಗನ ಚೆಂಡು ಮಾತ್ರ ತಾಳ ತಪ್ಪುತ್ತದೆ. ಅವನ ತಾಯಿ ಕಂಗಾಲಾಗಿ ಓಡಿಬಂದು ಮಗನನ್ನು ಒಳಗೆ ಎಳೆದುಕೊಳ್ಳುತ್ತಾಳೆ. ಆಮೇಲೊಂದು ಕಡೆ ಆ ಹುಡುಗ ಮತ್ತೆ ಕಾಣುತ್ತಾನೆ. ತಾಳಕ್ಕೆ ಸರಿಯಾಗಿ ಚೆಂಡು ಪುಟಿಸುವ ಶಿಕ್ಷೆ ಅವನಿಗೆ, ಪ್ರತಿ ಪುಟಿತಕ್ಕೂ ನೋವು. ಊರನ್ನೆಲ್ಲ ಆಳುತ್ತಿರುವುದು ‘ಇಟ್’ ಎಂಬ ಒಂದು ಬರಿಯ ಮೆದುಳು. ಎಲ್ಲರ ಬದಲು ಅದೇ ಯೋಚಿಸುತ್ತದೆ. ಅಲ್ಲಿ ಯಾರಿಗೂ ಚಿಂತೆಯಿಲ್ಲ, ಯಾರೂ ಬೇರೆಯಾಗಿಲ್ಲ.

ಅಲ್ಲಿಗೆ ಕಾಲಿಡುವ ಮೊದಲು ಮಿಸೆಸ್ ವಾಟ್ಸಿಟ್ ಮೆಗ್‌ಗೆ ಕೊಡುವ ಉಡುಗೊರೆ ಏನು ಗೊತ್ತೇ? ಅವಳದೇ ಕುಂದುಗಳು! ಸಿಟ್ಟು, ಅಸಹನೆ, ಹಟ. ಯಾವುದನ್ನು ತಿದ್ದಿಕೋ ಎಂದು ಶಾಲೆ ದಿನಾ ಹೇಳುತ್ತಿತ್ತೋ ಅದರ ಬಲದಿಂದಲೇ ಅವಳು ಆ ಮೆದುಳಿನ ತಾಳಕ್ಕೆ ತಲೆದೂಗದೆ ನಿಲ್ಲುತ್ತಾಳೆ. ಬುದ್ಧಿವಂತ ತಮ್ಮ ತನ್ನ ಬುದ್ಧಿಯನ್ನೇ ನಂಬಿ ಅದರ ಬಾಯಿಗೆ ಬೀಳುತ್ತಾನೆ. ಅಪ್ಪ ಸಿಗುತ್ತಾನೆ, ಆದರೆ ಎಲ್ಲವನ್ನೂ ಸರಿಮಾಡುವುದು ಅವನ ಕೈಯಲ್ಲೂ ಆಗದು. ಮಗನನ್ನು ಅಲ್ಲೇ ಬಿಟ್ಟು ಉಳಿದಿಬ್ಬರನ್ನು ಕರೆದುಕೊಂಡು ತಪ್ಪಿಸಿಕೊಳ್ಳುತ್ತಾನೆ. ಅಪ್ಪನೂ ಸೋಲುತ್ತಾನೆಂದು ಮೆಗ್‌ಗೆ ಅರಿವಾಗುವ ಆ ಪುಟಗಳು ಈ ಪುಸ್ತಕದ ನಿಜವಾದ ಲೋಕಾಂತರ ಎಂದು ನಾನು ನಂಬುತ್ತೇನೆ. ಆಮೇಲೆ ಅವಳು ಒಬ್ಬಳೇ ವಾಪಸು ಹೋಗುತ್ತಾಳೆ. ಕೊನೆಗೆ ಗೆಲ್ಲಿಸುವುದು ಸಿಟ್ಟೂ ಅಲ್ಲ, ತಮ್ಮನ ಮೇಲಿನ ಪ್ರೀತಿ. ಆ ಮೆದುಳಿನ ಹತ್ತಿರ ಇಲ್ಲದೇ ಇರುವುದು ಅದೊಂದೇ.

ಈ ಪುಸ್ತಕದ ಹಣೆಬರಹವೂ ಮೆಗ್‌ದೇ ಆಯಿತು. ಕಡಿಮೆಯೆಂದರೂ 26 ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಇದು ಮಕ್ಕಳಿಗೋ ದೊಡ್ಡವರಿಗೋ ಗೊತ್ತಾಗದು, ಮಕ್ಕಳಿಗಾದರೆ ತೀರಾ ಕಷ್ಟ ಎಂಬ ಅನುಮಾನ ಅವರದು. ಕೊನೆಗೆ ಜಾನ್ ಫರಾರ್ ಅವರ ಸಂಸ್ಥೆ ಒಪ್ಪಿಕೊಂಡಿತು. 1963ರಲ್ಲಿ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಬಂತು. ಕತ್ತಲೆಯ ವಿರುದ್ಧ ಹೋರಾಡಿದವರ ಸಾಲಿನಲ್ಲಿ ಯೇಸುವಿನ ಜೊತೆ ಬುದ್ಧ, ಗಾಂಧಿ, ಐನ್‌ಸ್ಟೀನ್ ಹೆಸರೂ ಇದೆ ಎಂದು ಅಮೆರಿಕದ ಕೆಲವು ಕಡೆ ಇದನ್ನು ಶಾಲೆಗಳಿಂದ ತೆಗೆಸಲು ನೋಡಿದವರೂ ಉಂಟು. ನನಗಂತೂ ಈ ಪುಸ್ತಕ ಇಷ್ಟವಾಗಲು ಆ ಸಾಲೂ ಒಂದು ಕಾರಣ. ಕ್ಯಾಮಜಾಟ್ಸ್ ಎಂದರೆ ಸೋವಿಯತ್ ದೇಶ ಎಂದು ಬಹಳ ಮಂದಿ ಓದಿಕೊಂಡಿದ್ದರು. ಲೆಂಗಲ್ ಕೈಬಿಟ್ಟಿದ್ದ ಮೂರು ಪುಟಗಳನ್ನು ಅವರ ಮೊಮ್ಮಗಳು 2015ರಲ್ಲಿ ಹೊರತಂದಾಗ ಬೇರೆಯ ಅರ್ಥ ಸಿಕ್ಕಿತು. ಭದ್ರತೆಯೊಂದೇ ಸಾಕೆಂದು ಹಂಬಲಿಸಿದರೆ ಪ್ರಜಾಪ್ರಭುತ್ವವೂ ಅಲ್ಲಿಗೇ ಜಾರುತ್ತದೆ ಎಂದು ಅಪ್ಪ ಮಗಳಿಗೆ ಹೇಳುವ ಮಾತು ಆ ಪುಟಗಳಲ್ಲಿದೆ.

2018ರಲ್ಲಿ ಏವ ಡುವರ್ನೇ ನಿರ್ದೇಶಿಸಿದ ಸಿನಿಮಾ ಬಂತು, ಅದನ್ನು ಆಮೇಲೆ ತೋರಿಸಿ. ಮೊದಲು ಪುಸ್ತಕ. ಇಂಗ್ಲಿಷು ತೊಡಕೆನಿಸಿದರೆ ಹೋಪ್ ಲಾರ್ಸನ್ 2012ರಲ್ಲಿ ಚಿತ್ರಕಾದಂಬರಿಯಾಗಿ ತಂದದ್ದು ಇದೆ, ಚಿತ್ರ ಹಿಡಿದುಕೊಂಡೇ ಓದಬಹುದು. ಅದೂ ಬೇಡವೆಂದರೆ ನೀವೇ ಓದಿ, ರಾತ್ರಿ ಊಟದ ಹೊತ್ತಿಗೆ ದಿನಕ್ಕೊಂದು ಅಧ್ಯಾಯದಂತೆ ಕನ್ನಡದಲ್ಲಿ ಹೇಳಿ. ಅರ್ಥವಾಗುತ್ತೋ ಇಲ್ಲವೋ ಎಂದು ನಾವೇ ಮುಂಚಿತವಾಗಿ ತೀರ್ಮಾನಿಸುವುದು ಬೇಡ, ಆ ತಪ್ಪನ್ನು 26 ಪ್ರಕಾಶಕರು ಮಾಡಿ ಆಗಿದೆ. ಹಾಗೆಯೇ ನಿಮ್ಮ ಮನೆಯಲ್ಲಿ ಹಟಮಾರಿ ಹುಡುಗಿಯೊಬ್ಬಳು ಇದ್ದರೆ, ದಯವಿಟ್ಟು ಆ ಹಟವನ್ನು ಪೂರ್ತಿ ತಿದ್ದಿಬಿಡಬೇಡಿ. ಅವಳಿಗೆ ಅದು ಬೇಕಾಗುತ್ತದೆ.