ಡೀಸೆಲ್ ಮಾವ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಗುಜರಿಗೆ ಹಾಕಲಾಗದ್ದು ಎರಡು. ಒಂದು, ಪಂಪು ಶೆಡ್ಡಿನಲ್ಲಿ ತುಕ್ಕು ಹಿಡಿದು ಕೂತ 5 ಎಚ್‌ಪಿ ಕಿರ್ಲೋಸ್ಕರ್ ಡೀಸೆಲ್ ಇಂಜಿನ್. ಇನ್ನೊಂದು, ಅದನ್ನು ಸ್ಟಾರ್ಟ್ ಮಾಡಿಯೇ ತೀರುತ್ತೇನೆನ್ನುವ ಮಾವ. 10 ಎಚ್‌ಪಿವರೆಗಿನ ಪಂಪಿಗೆ ಸರಕಾರ ಪುಕ್ಕಟೆ ಕರೆಂಟು ಕೊಡುತ್ತದೆ. ಬಟನ್ ಒತ್ತಿದರೆ ಸ್ಪ್ರಿಂಕ್ಲರ್ ತಿರುಗುತ್ತದೆ. ಆದರೆ ಮಾವ ಕಾಯುವುದು ಕರೆಂಟು ಹೋಗುವುದನ್ನು. ಹೋಯಿತೋ, ಮುಖಕ್ಕೆ ಕಳೆ ಬರುತ್ತದೆ.

"ಈಗ ನಮ್ಮ ಡೀಸೆಲ್ ಇರಬೇಕಿತ್ತು!"

"ಇದೆಯಲ್ಲ ಮಾವ, ಹಾಳಾಗಿ ಬಿದ್ದಿದೆ."

"ಹಾಳಾದದ್ದಲ್ಲ ಮಾರಾಯ, ಸುಮ್ಮನೆ ಕೂತದ್ದು."

ಈ ಜಾತಿಯ ಮಾವಂದಿರು ಮೂಡುಬಿದಿರೆಗೆ ಮದುವೆಗೆ ಹೋದರೆ ಊಟದ ಮೊದಲು ಗುಜರಿ ಅಂಗಡಿ ಹೊಕ್ಕು ಹಳೆ ನೋಝಲ್ ಹುಡುಕುತ್ತಾರೆ. ಸ್ಪ್ಯಾನರ್ ಸಾಲ ಕೊಟ್ಟವರನ್ನು ಮರೆಯುವುದಿಲ್ಲ, ಸ್ಪ್ಯಾನರ್ ಕೊಡಲು ಮಾತ್ರ ಮರೆಯುತ್ತಾರೆ. ಎಲ್ಲರ ಬಳಿಯೂ ಒಂದು ನೆರೆಯ ಕಥೆ ಇರುತ್ತದೆ. 1974ರಲ್ಲಿ ನೇತ್ರಾವತಿ ಉಕ್ಕಿ ಇಂಜಿನ್ ಪೂರ್ತಿ ಮುಳುಗಿತ್ತು, ನೀರಿಳಿದ ಮೇಲೆ ಒಂದೇ ಹ್ಯಾಂಡಲಿಗೆ ಹಿಡಿಯಿತು ಎಂದು. ನಾನು ಸಣ್ಣವನಿದ್ದಾಗ ಅದು ನಾಲ್ಕು ಹ್ಯಾಂಡಲ್ ಆಗಿತ್ತು.

ನನ್ನ ಪಾಲಿಗೆ ಬಂದ ಮಾವ ಕಳೆದ ಎಪ್ರಿಲಿನಲ್ಲಿ ಶೆಡ್ಡಿನ ಬಾಗಿಲು ತೆರೆದರು. ಸೈಲೆನ್ಸರಿನ ಬಾಯಿಗೆ ಕಣಜ ಮಣ್ಣು ಮೆತ್ತಿತ್ತು, ಏರ್ ಕ್ಲೀನರಿನಲ್ಲಿ ಇಲಿಯ ಬಾಣಂತನ ನಡೆದಿತ್ತು. ಟ್ಯಾಂಕಿನ ತಳದ ಡೀಸೆಲ್ ಕಾಕಂಬಿಯ ಹಾಗೆ ಅಂಟಂಟು. ಪಿಸ್ಟನ್ ಜಾಮ್. ಮಾವ ಎಳ್ಳಷ್ಟೂ ಕಂಗೆಡಲಿಲ್ಲ. ನೋಝಲ್ ಬಿಚ್ಚಿ ಸಿಲಿಂಡರಿಗೆ ಸೀಮೆಎಣ್ಣೆ ಹೊಯ್ದು "ರಾತ್ರಿ ನೆನೆಯಲಿ" ಎಂದರು. ಬೆಳಗ್ಗೆ ಫ್ಲೈವೀಲ್ ಕೊಸರಿಕೊಂಡು ತಿರುಗಿದಾಗ ಅವರು ನನ್ನತ್ತ ನೋಡಿದ ನೋಟವನ್ನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ.

ಆಮೇಲೆ ಗಾಳಿ ತೆಗೆಯುವ ಶಾಸ್ತ್ರ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ನೋಝಲಿಗೆ ಡೀಸೆಲ್ ತಲುಪದು. ಫಿಲ್ಟರಿನ ತಲೆಯ ಬೋಲ್ಟ್ ಸಡಿಲಿಸಿದರೆ ಡೀಸೆಲಿನ ಜೊತೆ ಗುಳ್ಳೆ ಬರುತ್ತದೆ. ಗುಳ್ಳೆ ನಿಂತ ಮೇಲೆ ಬಿಗಿಯಬೇಕು. ನಾನು ಬಿಗಿದೆ. "ಒಂದು ಗುಳ್ಳೆ ಉಳಿದಿದೆ" ಎಂದರು ಮಾವ, ಕನ್ನಡಕವಿಲ್ಲದೆ. ಮತ್ತೆ ಬಿಚ್ಚಿದೆ. ಮೊಣಕೈವರೆಗೆ ಡೀಸೆಲ್ ಇಳಿಯಿತು. ಹೊಸ ಅಂಗಿ, ಹೇಳಬಾರದು.

ಹ್ಯಾಂಡಲ್ ಹೊಡೆಯುವ ಭಾಗ್ಯವೂ ನನ್ನದೇ. "ಹೆಬ್ಬೆರಳು ಸುತ್ತಬೇಡ, ಹಿಂದಕ್ಕೆ ಒದ್ದರೆ ಮುರಿಯುತ್ತದೆ" ಎಂದು ಹೆದರಿಸಿ, ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ನಾನು ಏದುಸಿರು ಬಿಡುತ್ತಿರುವಾಗಲೇ ಪಾಠ ತೆಗೆದರು. "ಡೀಸೆಲಿಗೆ ಕಿಡಿ ಬೇಡ ನೋಡು. ಗಾಳಿಯನ್ನು 16 ಪಾಲಿನಿಂದ ಒಂದು ಪಾಲಿಗೆ ಒತ್ತಿದರೆ ಅದೇ ಕೆಂಡದಷ್ಟು ಬಿಸಿ. ಅಲ್ಲಿಗೆ ಎಣ್ಣೆ ಚಿಮ್ಮಿತೋ, ಢಂ! ಇನ್ನೂ ಜೋರು ತಿರುಗಿಸು. ತುಪ್ಪ ತಿಂದವನಲ್ಲವಾ?" ಲಿವರ್ ಬಿಟ್ಟರು. ಬಿಳಿ ಹೊಗೆ, ಒಂದು ಕೆಮ್ಮು, ಮೌನ. ಇನ್ನೊಮ್ಮೆ. ಮಗದೊಮ್ಮೆ. ನನ್ನ ಭುಜ ಕೈಬಿಡುವ ಹೊತ್ತಿಗೆ ಕಪ್ಪು ಹೊಗೆ ಕಾರಿ ಅದು ಹಿಡಿದೇಬಿಟ್ಟಿತು. ಟುಕುಟುಕುಟುಕು!

ಮಾವ ಮಾತು ನಿಲ್ಲಿಸಿದ್ದು ಆಗಲೇ. ಹಿಂದೆ ಬೇಸಗೆಯ ಸಂಜೆ ಈ ಶಬ್ದ ಕೇಳಿಯೇ ಯಾರ ತೋಟಕ್ಕೆ ನೀರು ಬಿಟ್ಟಿದ್ದಾರೆಂದು ಹೇಳುತ್ತಿದ್ದರಂತೆ. ಒಂದು ಮನೆಯ ಇಂಜಿನ್ ಎರಡು ದಿನ ಕೇಳದಿದ್ದರೆ ವಿಚಾರಿಸಲು ಆಳು ಹೋಗುತ್ತಿತ್ತು. ಈಗಿನ ಮೋಟರು ಗುಂಯ್‌ಗುಟ್ಟುವುದು ಪಕ್ಕದ ತೋಟಕ್ಕೂ ಕೇಳದು. ಎರಡೂ ಕಡೆ ಮಕ್ಕಳು ಬೆಂಗಳೂರಿನಲ್ಲಿ. ಪಕ್ಕದವರು ಆಸ್ಪತ್ರೆಯಲ್ಲಿದ್ದದ್ದು ಮಾವನಿಗೆ ತಿಳಿದದ್ದು ವಾಟ್ಸಾಪಿನಲ್ಲಿ.

ಇಷ್ಟಾಗಿ ಪೈಪಿನಲ್ಲಿ ತೊಟ್ಟು ನೀರು ಬರಲಿಲ್ಲ. ಫುಟ್‌ವಾಲ್ವ್ ಹೋಗಿ ಯಾವ ಕಾಲವಾಗಿತ್ತೋ. ಪಂಪಿನ ಬೆಲ್ಟ್ ಕಳಚಿದೆವು, ಆದರೆ ಇಂಜಿನ್ ಬಿಸಿಯಾಗಬಾರದಲ್ಲ? ನೀರೆತ್ತುವ ಯಂತ್ರದ ಡ್ರಮ್ಮಿಗೆ ತೋಡಿನಿಂದ ಕೊಡದಲ್ಲಿ ನೀರು ಹೊತ್ತದ್ದು ನಾನು. ಕರೆಂಟು ಬಂತು. ಒಣಹಾಕಿದ ಅಡಿಕೆಗೆಲ್ಲ ಹೊಗೆ ಎಂದು ಅಂಗಳದಿಂದ ಅತ್ತೆ ಕೂಗಿದರು.

"ನಿಲ್ಲಿಸಲಾ ಮಾವ?"

"ಹುಚ್ಚಾ! ಮತ್ತೆ ಹಿಡಿಯದಿದ್ದರೆ?" ಎಂದು ಟ್ಯಾಂಕಿಗೆ ಕಡ್ಡಿ ಇಳಿಸಿ ಮಟ್ಟ ನೋಡಿ, ನನ್ನ ಕೈಗೆ ಕ್ಯಾನು ಕೊಟ್ಟು ಬಿ.ಸಿ. ರೋಡಿನ ಬಂಕಿಗೆ ಅಟ್ಟಿದರು.